ಕುರಿ ದೊರೆಯ ರಿಪೋರ್ಟು

ಅವರ ಮೂಗಿನ ತುದಿ ವರ್ಷವಿಡೀ ಸುಲಿಯುತ್ತಲೇ ಇತ್ತು, ಈರುಳ್ಳಿ ಸಿಪ್ಪೆಯ ಹಾಗೆ. ಮಧುಗಿರಿಯ ಬಿಸಿಲಿಗೆ ಕೆಂಪಾಗುವುದು, ಸುಲಿಯುವುದು, ಮತ್ತೆ ಕೆಂಪಾಗುವುದು. ಆ ಸಿಪ್ಪೆಯನ್ನು ಬೆರಳಲ್ಲಿ ಕೀಳುತ್ತಾ, ಅತ್ತಿಂದಿತ್ತ ನಡೆಯುತ್ತಲೇ ಮಾತಾಡುತ್ತಿದ್ದರು. ಒಂದು ಕಡೆ ಕೂತವರಲ್ಲ. ಮುದ್ದೆಯನ್ನೂ ನಿಂತೇ ನುಂಗುತ್ತಿದ್ದರು. ನಮ್ಮ ಹಟ್ಟಿಯವರೆಲ್ಲ ಅವರನ್ನು ಕುರಿ ದೊರೆ ಎಂದು ಕರೆಯುತ್ತಿದ್ದರು.

ಮಹಾರಾಜರ ಕಾಲ ಅದು. ಮಧುಗಿರಿಯಿಂದ ಶಿರಾ ಕಡೆಗೆ ಹೋಗುವಾಗ ಸಿಗುವ ನಮ್ಮ ಕಾವಲಿನಲ್ಲಿ, ಹಟ್ಟಿಯ ಸುತ್ತಲ ಹುಲ್ಲುಗಾವಲಿನಲ್ಲಿ, ಸರ್ಕಾರದ ಕುರಿ ಫಾರಂ ಇತ್ತು. ಅದರ ಮೇಲ್ವಿಚಾರಣೆ ದೊರೆಯದು, ಕುರಿ ಕಾಯುವವರಿಗೆ ಮೇಸ್ತ್ರಿ ನಾನು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು, ಮುಚ್ಚಿಡುವುದೇನು. ಆದರೆ ಕುರಿ ಕೆಮ್ಮಿದರೆ ಯಾವ ಕುಂಟೆಯ ನೀರು ಕುಡಿದು ಬಂದಿದೆ ಎಂದು ಹೇಳುತ್ತಿದ್ದೆ. ಹಾಗೆ ಹೇಳುವವನು ಆ ಫಾರಮ್ಮಿನಲ್ಲಿ ಇನ್ನೊಬ್ಬನಿರಲಿಲ್ಲ.

ಮೊದಲ ದಿನವೇ ಬೈಸಿಕೊಂಡೆ. ಇಂಗ್ಲೆಂಡಿನಿಂದ ಬಂದಿದ್ದೀರಲ್ಲ ಎಂದುಬಿಟ್ಟಿದ್ದೆ.

"ಇಂಗ್ಲೆಂಡಿನೋನಲ್ಲ ಕಣ್ಲಾ ನಾನು. ಸ್ಕಾಟ್ಲೆಂಡು."

"ಎಲ್ಡೂ ಒಂದೇ ಅಲ್ವಾ ಬುದ್ದಿ?"

"ನಿನ್ನನ್ನ ಪಾವಗಡದಾಚೆ ತೆಲುಗೋನು ಅಂದ್ರೆ ಒಪ್ಕಂತೀಯಾ?"

ಅವರ ಮನೆಮಾತೇ ಬೇರೆಯಂತೆ. ಶಾಲೆಯಲ್ಲಿ ಆ ಮಾತಾಡಿದರೆ ಮೇಷ್ಟ್ರು ಅಂಗೈಗೆ ಬಾರಿಸುತ್ತಿದ್ದರಂತೆ. ಹೊಡೆತ ತಿಂದು ಕಲಿತ ಇಂಗ್ಲಿಷು ಕಚೇರಿಗೆ, ಮನೆಮಾತು ಕುರಿಗಳಿಗೆ. ಕನ್ನಡ ಕಲಿತದ್ದು ನಮ್ಮಿಂದ, ಹಾಗಾಗಿ ಅಮಲ್ದಾರರ ಎದುರಿಗೂ "ಬುಡಿ ಸ್ವಾಮಿ, ಅದೆಂಗಾಯ್ತದೆ" ಎನ್ನುವರು. ಗುಮಾಸ್ತರು ಫೈಲು ಅಡ್ಡ ಹಿಡಿದು ನಗುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು.

ನಮ್ಮವ್ವನ ಹತ್ತಿರ ಮಾತ್ರ ಅವರಿಗೆ ಸಲಿಗೆ. ಅವರ ಸೀಮೆಯ ಬೆಟ್ಟಗಳೂ ನಮ್ಮವುಗಳಂತೆ ಬೋಳು, ಆದರೆ ಸದಾ ಮಳೆ. ಬೆಟ್ಟದ ಸಂದಿಗೆಲ್ಲ ಸಮುದ್ರ ನುಗ್ಗಿ ಬರುತ್ತದೆ. ಸೌದೆ ಇಲ್ಲದೆ ನೆಲದ ಮಣ್ಣನ್ನೇ ಇಟ್ಟಿಗೆಯ ಹಾಗೆ ಕೊಯ್ದು, ಒಣಗಿಸಿ ಒಲೆಗಿಡುತ್ತಾರೆ ಎಂದೆಲ್ಲ ಹೇಳುತ್ತಿದ್ದರು.

"ಮಣ್ಣು ಉರೀತದಾ? ಯಾರಿಗೇಳ್ತೀಯಪ್ಪ," ಎಂದಳು ಅವ್ವ.

"ನಮ್ಮೂರ ಮಣ್ಣು ಉರೀತದೆ ಕಣಮ್ಮ."

ಆ ಸೀಮೆಯ ನೆನಪೇ ಅವರನ್ನು ಒಮ್ಮೆ ಕೆಡವಿತು. ಅಲ್ಲಿ ಒಂದೊಂದು ಮಂದೆ ಒಂದೊಂದು ಬೆಟ್ಟಕ್ಕೆ ಕಟ್ಟುಬಿದ್ದಿರುತ್ತದಂತೆ. ಬೇಲಿ ಬೇಡ, ಕಾಯುವವನು ಬೇಡ. ಇಷ್ಟು ನಮ್ಮ ಎಲ್ಲೆ ಎಂದು ತಾಯಿಕುರಿಯೇ ಮರಿಗೆ ಕಲಿಸುತ್ತದಂತೆ. ಇಲ್ಲಿಯೂ ಹಾಗೇ ಮಾಡೋಣ, ನಾಳೆ ಯಾರೂ ಮಂದೆಯ ಹಿಂದೆ ಹೋಗಬೇಡಿ ಎಂದರು. ಇವು ಅಂಥವಲ್ಲ ಬುದ್ದಿ ಎಂದೆ, ಕೇಳಲಿಲ್ಲ. ಸಂಜೆ ನೋಡಿದರೆ ಬೆಟ್ಟದ ಮೇಲೆ ಒಂದು ಬಾಲವಿಲ್ಲ.

ಎರಡು ದಿನ ನಡೆದೆವು, ಹೆಜ್ಜೆಗುರುತು ಹಿಡಿದು ಪಾವಗಡದ ಕಡೆಗೆ. ಅಲ್ಲಿ ತೆಲುಗಿನ ಮುದುಕನೊಬ್ಬ ತನ್ನ ಮಂದೆ ಹೊಡೆದುಕೊಂಡು ಹೋಗುತ್ತಿದ್ದ. ಅವನ ಹಿಂದೆ ನಮ್ಮವೂ ಇದ್ದವು. "ನೇನು ಪಿಲವಲೇದು ಸಾಮಿ, ಅವೇ ವಚ್ಚಿನಾಯಿ" ಎಂದು ಕೈಮುಗಿದ. ಕರೆದಿಲ್ಲವಂತೆ, ತಾವಾಗಿಯೇ ಬಂದವಂತೆ. ನಾನು ಎರಡು ಸಲ ಕೂಗಿದೆ. ನಮ್ಮವು ಅಷ್ಟೂ ತಿರುಗಿ ನನ್ನ ಕಡೆ ಬಂದವು. ದೊರೆ ಅದನ್ನೇ ನೋಡುತ್ತಾ ನಿಂತುಬಿಟ್ಟರು. ಫಾರಮ್ಮಿನವರು ಯಾರೂ ಈ ಸಂಗತಿಯ ಬಗ್ಗೆ ಬಾಯಿ ಬಿಡಲಿಲ್ಲ. ಮೇಲಿನವರಿಗೆ ತಿಳಿದರೆ ದೊರೆಯ ಕೆಲಸ ಹೋಗುತ್ತಿತ್ತು.

ಮರುವರ್ಷ ಮೇಲಿನಿಂದ ಒಂದು ಯೋಚನೆ ಬಂತು. ನಮ್ಮ ಹಟ್ಟಿಯನ್ನು ಅಲ್ಲಿಂದ ಎತ್ತಿಸಿ, ಕಾವಲಿಗೆಲ್ಲ ಬೇಲಿ ಹಾಕಿ, ಹೊರದೇಶದ ಸೀಮೆ ಟಗರು ತಂದು ನಮ್ಮ ಕುರಿಗಳ ಜೊತೆ ಬಿಡುವುದು. ಆಗುತ್ತದೋ ಇಲ್ಲವೋ ಎಂದು ದೊರೆ ರಿಪೋರ್ಟು ಬರೆಯಬೇಕು. ವಾರವಾದರೂ ಅವರು ಬರೆಯಲಿಲ್ಲ. ಬೇಲಿ ಹಾಕುವ ಗುರುತಿನ ಉದ್ದಕ್ಕೂ ಹೋಗುವುದು, ಬರುವುದು. ಸರ್ಕಾರದ ಸಂಬಳ ತಿಂದು ನನ್ನ ಮನೆಗೆ ನಾನೇ ಬೇಲಿ ಹಾಕಲಾರೆ, ಕುರಿಗಳ ಲೆಕ್ಕ ಬೇರೆಯವರಿಗೆ ಒಪ್ಪಿಸಿ ಎಂದು ಒರಟಾಗಿ ಹೇಳಿದೆ. ಅವರು ನಮ್ಮ ಮನೆಯ ಕಡೆ ನಡೆದರು.

ಅವ್ವ ಉಣ್ಣೆ ಹಿಂಜುತ್ತಿದ್ದಳು. ತಲೆ ಎತ್ತದೆ ಕೇಳಿದಳು: "ನಮ್ಮನ್ನ ಎತ್ತಿಸ್ತೀಯಂತಲ್ಲಪ್ಪ."

ದೊರೆ ಆ ಹೊತ್ತು ನೆಲದ ಮೇಲೆ ಕೂತರು. "ನಮ್ಮಜ್ಜೀನೂ ಎತ್ತಿಸಿದ್ರು ಕಣಮ್ಮ. ಸಣ್ಣ ಹುಡುಗಿ ಅವಾಗ. ಸೂರಿಗೆ ಬೆಂಕಿ ಇಟ್ಟು ಊರ್ಗೂರೇ ಸಮುದ್ರದ ದಂಡೆಗೆ ಅಟ್ಟಿದ್ರು. ಜಮೀನ್ದಾರ ಆ ಜಾಗದಾಗೆ ಕುರಿ ಬಿಟ್ಟ."

"ಅಂಗಾದ್ರೆ ನೀನ್ಯಾಕೆ ಕುರಿ ಕೆಲ್ಸಕ್ಕೆ ಬಂದೆ?"

"ಬ್ಯಾರೆ ಏನೂ ಬರಾಕಿಲ್ಲ."

ಆಮೇಲೆ ನನ್ನನ್ನು ಬಂಗಲೆಗೆ ಕರೆದು ರಿಪೋರ್ಟು ಬರೆದರು. ಬರೆದದ್ದನ್ನು ನಮ್ಮ ಮಾತಿನಲ್ಲಿ ಹೇಳಿದರು. ಇಲ್ಲಿನ ಕುರಿ ನೆಲಕ್ಕೆ ಕಟ್ಟುಬಿದ್ದಿಲ್ಲ, ಜನಕ್ಕೆ ಕಟ್ಟುಬಿದ್ದಿದೆ. ಜನ ಹೋದರೆ ಯಾವ ಬೇಲಿಯೊಳಗೂ ಈ ಮಂದೆ ಬಾಳುವುದಿಲ್ಲ. ಅದಕ್ಕೆ ಸಾಕ್ಷಿಯಾಗಿ ಆ ಎರಡು ದಿನದ ಸಂಗತಿ, ತಪ್ಪು ತನ್ನದೇ ಎಂಬ ಮಾತಿನೊಂದಿಗೆ.

"ಅದೊಂದು ಬರೀಬ್ಯಾಡಿ ಬುದ್ದಿ. ಕೆಲ್ಸ ಹೋಯ್ತದೆ."

"ಬರೀದಿದ್ರೆ ಯಾರ್ಲಾ ನಂಬ್ತಾರೆ? ತಕಾ, ನೀನೂ ರುಜು ಹಾಕು. ಕುರಿ ತಿರುಗಿದ್ದು ನಿನ್ನ ಕೂಗಿಗೆ."

ಸರ್ಕಾರದ ಕಾಗದಕ್ಕೆ ಅವತ್ತೇ ನಾನು ಮೊದಲು ರುಜು ಹಾಕಿದ್ದು. ಅಕ್ಷರ ಸೊಟ್ಟಗೆ ಬಂದವು.

ಹಟ್ಟಿ ಎತ್ತಿಸುವ ಮಾತು ನಿಂತಿತು. ಮೂರು ತಿಂಗಳಿಗೆ ದೊರೆಯನ್ನೂ ಕೆಲಸದಿಂದ ಬಿಡಿಸಿದರು. ಗಾಡಿ ಹತ್ತುವಾಗ ಹೊಸ ಮರಿಯೊಂದರ ಕಾಲುಬಾವು ಇಳಿಯಿತೇ ಎಂದಷ್ಟೇ ಕೇಳಿದರು.

ಅವರು ಸತ್ತ ಸುದ್ದಿ ಬಂದದ್ದು ನಾಲ್ಕೈದು ವರ್ಷದ ಮೇಲೆ, ಮಧುಗಿರಿಯ ಗುಮಾಸ್ತರೊಬ್ಬರಿಗೆ ಬಂದ ಕಾಗದದಿಂದ. ತಮ್ಮ ಊರಿಗೆ ಹೋಗಿ ಸತ್ತರಂತೆ. ಅವ್ವನಿಗೆ ಹೇಳಿದೆ.

"ಎಲ್ಲಿ ಮಣ್ಣು ಮಾಡಿದ್ರಂತೆ? ಅಜ್ಜಿ ಊರಾಗೋ, ಆ ದಂಡೆಯಾಗೋ?"

"ಕಾಗದದಾಗೆ ಬರೆದಿಲ್ವಂತೆ ಕಣವ್ವ."

"ಕೇಳ್ಬೇಕಾಗಿತ್ತು ಕಣ್ಲಾ ನೀನು," ಎಂದಳು.

ಯಾರನ್ನು ಕೇಳಲಿ? ಅವ್ವ ಹೋದಾಗ ಅವಳನ್ನು ಕಾವಲಿನ ಅಂಚಿನಲ್ಲಿ, ನಮ್ಮಪ್ಪನ ಪಕ್ಕದಲ್ಲೇ ಮಣ್ಣು ಮಾಡಿದೆ. ಹಟ್ಟಿಯವರೆಲ್ಲ ಬಂದಿದ್ದರು, ಅಲ್ಲೇ ಉಳಿದಿದ್ದ ತಂತಮ್ಮ ಮನೆಗಳಿಂದ.