ರಸ್ತೆಗೆ ಮುಖ ಮಾಡಿ ನಿಂತ ಜೀಪು

ಹೋದ ವಾರ ರಿಪೇರಿಗೆಂದು ಜೀಪಿನ ಸೀಟು ಬಿಚ್ಚಿಸಿದಾಗ ಅದರಡಿ ಒಂದು ಚರ್ಮದ ಗ್ಲೌಸು ಸಿಕ್ಕಿತು. ಬಲಗೈಯದು. ಅಂಗೈ ಭಾಗ ಸವೆದು ಕಪ್ಪಗೆ ನುಣುಪಾಗಿತ್ತು. ಮೂಸಿ ನೋಡಿದೆ. ಗ್ರೀಸು, ಡೀಸೆಲ್ಲು, ಜೊತೆಗೆ ಕಾಳುಮೆಣಸಿನ ಘಾಟು... ನಮ್ಮ ರೈಟರ ಗ್ಲೌಸು. ಮೆಕ್ಯಾನಿಕ್ಕು "ಎಸೆದುಬಿಡ್ಲಾ ಅಮ್ಮ?" ಅಂದ. ನಾನು ನೋಡಿದ ನೋಟಕ್ಕೆ ಸೀಟಿನ ಕಡೆ ತಿರುಗಿಕೊಂಡ.

ಕಳಸದ ಈಚೆಗಿನ ನಮ್ಮ ತೋಟಕ್ಕೆ ಅವರು ರೈಟರಾಗಿ, ಅಂದರೆ ಹಾಜರಿ ಹಿಡಿದು ಕೆಲಸ ನೋಡಿಕೊಳ್ಳಲು, ಬಂದಾಗ ಐವತ್ತು ದಾಟಿತ್ತು. ಊರು ವಸ್ತಾರೆ ಕಡೆ. ಮೊದಲು ವಾಯುಪಡೆಯಲ್ಲಿದ್ದವರು. ಅಪ್ಪ ಹೋದ ಮೇಲೆ ತೋಟ ನನ್ನ ಕೈಗೆ ಬಂದ ಹೊಸತು. ಯಾರು ಸುಮ್ಮನೆ ನಿಂತರೂ ನನಗೆ ಮೈಯೆಲ್ಲ ಉರಿಯುತ್ತಿದ್ದ ಕಾಲ. ಜೀಪು ಸುಮ್ಮನೆ ನಿಂತರೂ ಅಷ್ಟೇ.

ಮೊದಲ ಮೆಣಸು ಕೊಯ್ಲಿಗೇ ಅವರೊಂದು ಕಟ್ಟಳೆ ಮಾಡಿದರು. ನಮ್ಮಲ್ಲಿ ಮೆಣಸಿನ ಬಳ್ಳಿ ನೆರಳಿಗೆ ನೆಟ್ಟ ಸಿಲ್ವರ್ ಮರಗಳನ್ನು ತಬ್ಬಿಕೊಂಡು ಐದಾರು ಆಳೆತ್ತರ ಹೋಗಿರುತ್ತದೆ. ಒಂಟಿ ಬಿದಿರಿನ ಏಣಿ ಒರಗಿಸಿ, ಸೊಂಟಕ್ಕೆ ಚೀಲ ಕಟ್ಟಿಕೊಂಡು ಹತ್ತಬೇಕು. ಮರದ ಮೇಲೆ ಒಬ್ಬನೇ ಒಬ್ಬ ಇದ್ದರೂ ಜೀಪು ರಸ್ತೆಗೆ ಮುಖ ಮಾಡಿ ನಿಂತಿರಬೇಕು ಎಂದರು. ಕೀಲಿ ಅದರಲ್ಲೇ, ಹಿಂದೆ ಒಂದು ಹಲಗೆ, ಹಗ್ಗ, ಕಂಬಳಿ, ಡ್ರೈವರು ಕೂಗಳತೆಯಲ್ಲಿ. ಕೊಯ್ದ ಮೆಣಸನ್ನು ಕಣಕ್ಕೆ ಸಾಗಿಸುವುದೇನಿದ್ದರೂ ಎಲ್ಲರೂ ಕೆಳಗಿಳಿದ ಮೇಲೆ. ಸಂಜೆಯವರೆಗೆ ಮೂಟೆಗಳು ತೋಟದಲ್ಲೇ ಬಿದ್ದಿರುತ್ತಿದ್ದವು. ನನಗೆ ಪಿತ್ತ ನೆತ್ತಿಗೇರುತ್ತಿತ್ತು.

"ಜೀಪೇನು ದೇವರಾ ರೈಟ್ರೇ, ಹೀಗೆ ನಿಲ್ಸಿ ಪೂಜೆ ಮಾಡೋಕೆ?" ಅಂದೆ ಒಂದು ದಿನ.

ಅವರಿಗೆ ಸಿಟ್ಟು ಬರಲಿಲ್ಲ. ಮೂಟೆಯೊಂದರ ಮೇಲೆ ಕೂತು ಹೆಲಿಕಾಪ್ಟರಿನ ವಿಷಯ ಹೇಳಿದರು. ಯುದ್ಧವಿಮಾನಗಳು ಹಾರಲು ಹೋದಾಗಲೆಲ್ಲ ನೆಲದಲ್ಲೊಂದು ಹೆಲಿಕಾಪ್ಟರು ಸಿದ್ಧವಾಗಿ ನಿಂತಿರುತ್ತಿತ್ತಂತೆ. ವಿಮಾನ ಬಿದ್ದರೆ ಪೈಲಟ್ ಇರುವಲ್ಲಿಗೆ ಹೋಗಿ, ಬಾಗಿಲಿನಿಂದ ಉಕ್ಕಿನ ಹಗ್ಗ ಇಳಿಸಿ ಅವನನ್ನು ಎತ್ತಿಕೊಳ್ಳುವುದು ಇವರ ಕೆಲಸ. ಹಗ್ಗ ಓಲಾಡದಂತೆ ಕೈಯಲ್ಲಿ ಹಿಡಿದು ಕೆಳಕ್ಕೆ ಬಿಡಬೇಕು. ಗ್ಲೌಸು ಅದಕ್ಕೆ. ಸುಡು ಬಿಸಿಲಲ್ಲೂ ಪೂರ್ತಿ ಡ್ರೆಸ್ಸು ತೊಟ್ಟು, ಕೊನೆಯ ವಿಮಾನ ಇಳಿಯುವವರೆಗೆ ಕೂತಿರಬೇಕು. ಹಾಗೆ ವರ್ಷಗಟ್ಟಲೆ ಕೂತರು. ನಿಜವಾಗಿ ಎತ್ತಿದ್ದು ಒಬ್ಬನನ್ನು. ಸಮುದ್ರಕ್ಕೆ ಬಿದ್ದಿದ್ದ ಪೈಲಟ್. ಒಳಗೆಳೆದುಕೊಂಡ ಮೇಲೂ ಅವನು ಇವರ ಕೈ ಬಿಡಲಿಲ್ಲವಂತೆ...

"ಒಬ್ಬನಿಗೋಸ್ಕರ ಅಷ್ಟು ವರ್ಷ ಕೂತಿದ್ರಾ?" ಅಂದೆ.

"ಒಬ್ಬನಿಗಲ್ಲ ಅಮ್ಮ, ಎಲ್ರಿಗೂ ಕೂತಿದ್ದೆ. ವಿಮಾನ ಹತ್ತೋ ಮುಂಚೆ ಪ್ರತಿಯೊಬ್ರೂ ನಮ್ಮ ಕಡೆ ಒಂದ್ಸಲ ತಿರುಗಿ ನೋಡ್ತಿದ್ರು."

ನನಗೆ ಅದು ಆಗ ತಲೆಗೆ ಹೋಗಲಿಲ್ಲ.

ಮೂರನೇ ವರ್ಷ ಕೊಯ್ಲಿನ ನಡುವೆ, ಒಂದು ಮಧ್ಯಾಹ್ನ ಕುದುರೆಮುಖದ ಕಡೆ ಮೋಡ ಕಟ್ಟಿತು. ಕಣದ ತುಂಬ ಮೆಣಸು ಹರಡಿತ್ತು. ಮುಚ್ಚೋಣವೆಂದರೆ ಟಾರ್ಪಾಲುಗಳನ್ನು ಇಲಿಗಳು ಕಡಿದು ಜರಡಿ ಮಾಡಿದ್ದವು. ರೈಟರು ಹೊಳೆಯ ಬದಿಯ ತೋಟದಲ್ಲಿದ್ದರು. ನಾನು ಯಾರನ್ನೂ ಕೇಳದೆ ಜೀಪು ಹತ್ತಿ ಕಳಸಕ್ಕೆ ಹೋಗಿ ಹೊಸ ಟಾರ್ಪಾಲು ತಂದೆ. ಮಳೆ ಬರಲಿಲ್ಲ. ತೋಟಕ್ಕೆ ಬಂದು ನೋಡಿದರೆ ಮರಗಳಿಗೆ ಏಣಿಗಳು ಬರಿದೇ ಒರಗಿವೆ, ಕೊಯ್ಲಿನವರೆಲ್ಲ ನೆರಳಲ್ಲಿ ಕೂತು ಎಲೆಯಡಿಕೆ ಹಾಕುತ್ತಿದ್ದಾರೆ.

ರೈಟರೇ ಇಳಿಸಿರಬೇಕು ಎಂದುಕೊಂಡು ಅವರ ಮೇಲೆ ಕೂಗಾಡಲು ಹೊರಟೆ. ಹಿರಿಯ ಕೆಲಸದವನೊಬ್ಬ ತಡೆದ. "ರೈಟ್ರಿಗೆ ಗೊತ್ತೇ ಇಲ್ಲಮ್ಮ. ಮೇಲಿಂದ ನೋಡಿದ್ವಿ, ಜೀಪು ಕಾಣ್ಲಿಲ್ಲ. ಇಳಿದ್ವಿ."

ಅಂದರೆ ಮೂರು ವರ್ಷದಿಂದ ಇವರೆಲ್ಲ ಪ್ರತಿ ಮರದ ಮೇಲಿಂದಲೂ ಜೀಪನ್ನು ನೋಡುತ್ತಿದ್ದರು. ಸುಮ್ಮನೆ ನಿಂತಿದೆ ಎಂದು ನಾನು ಬೈಯುತ್ತಿದ್ದ ಜೀಪನ್ನು. ನನಗೆ ನಾಚಿಕೆಯಾಯಿತು. ಅಷ್ಟರಲ್ಲಿ ರೈಟರು ಬಂದರು. ಅವಸರದಲ್ಲಿ ನಾನು ತೋಟದೊಳಕ್ಕೆ ಮುಖ ಮಾಡಿ ನಿಲ್ಲಿಸಿದ್ದ ಜೀಪನ್ನು ರಸ್ತೆಗೆ ತಿರುಗಿಸಿ, ಕೀಲಿ ಅಲ್ಲೇ ಬಿಟ್ಟು ಇಳಿದರು. ಕೊಯ್ಲಿನವರು ಎದ್ದು ಏಣಿ ಹತ್ತಿದರು.

ಮಾರನೇ ವರ್ಷ ಅವರಲ್ಲೊಬ್ಬ ಬಿದ್ದ. ರೈಟರು ಅವನನ್ನು ಹಲಗೆಯ ಮೇಲೆ ಮಲಗಿಸಿ, ಅಲುಗದಂತೆ ಕಟ್ಟಿ ಜೀಪಿಗೆ ಹತ್ತಿಸಿದರು. ಬಿದ್ದ ಸದ್ದು ಕೇಳಿದವರು ದೂರದಿಂದ ಓಡಿ ಬರುವಷ್ಟರಲ್ಲಿ ಜೀಪು ಗೇಟು ದಾಟಿತ್ತು. ಅವನೀಗ ನಮ್ಮ ಮೇಸ್ತ್ರಿ. ಸ್ವಲ್ಪ ಕುಂಟುತ್ತಾನೆ, ಬಾಯಿಗೇನೂ ಆಗಿಲ್ಲ.

ಅದಾಗಿ ಎರಡು ಮಳೆಗಾಲ ಕಳೆಯಿತು. ಮೂರನೆಯದರ ಆಷಾಢ... ಮಳೆಗಾಲದಲ್ಲಿ ಮೆಣಸಿನ ಮರ ಹತ್ತುವವರಿಲ್ಲ. ಜೀಪನ್ನು ಶೆಡ್ಡಿಗೆ ಹಾಕಿಸಿ ಬ್ಯಾಟರಿ ಬಿಚ್ಚಿಡಿಸುವುದು ರೈಟರದೇ ಪದ್ಧತಿ. ಒಂದು ಬೆಳಿಗ್ಗೆ ಅವರು ಹಾಜರಿಗೆ ಬರಲಿಲ್ಲ. ಹೋಗಿ ನೋಡಿದರೆ ತಮ್ಮ ಕ್ವಾರ್ಟರ್ಸಿನ ಮೆಟ್ಟಿಲ ಮೇಲೆ ಎದೆ ಹಿಡಿದು ಕೂತಿದ್ದರು. ಆಂಬುಲೆನ್ಸಿಗೆ ಫೋನು ಮಾಡೋಣವೆಂದರೆ ಮಳೆಗೆ ಸಿಗ್ನಲ್ ಸತ್ತಿತ್ತು. ಬ್ಯಾಟರಿ ಹೊತ್ತು ತಂದು, ಸ್ಪಾನರಿಗೆ ಹುಡುಕಾಡಿ, ಜೋಡಿಸಿ, ಅದೂ ಹಿಡಿಯದೆ ನಾಲ್ಕು ಜನ ತಳ್ಳಿ...

ದಾರಿಯುದ್ದಕ್ಕೂ ಅವರ ಕೈ ಹಿಡಿದುಕೊಂಡಿದ್ದೆ. ಕಳಸ ಮುಟ್ಟುವ ಮೊದಲೇ ಅದು ಸಡಿಲವಾಯಿತು. ಸ್ವಲ್ಪ ಮುಂಚೆ ಬಂದಿದ್ದರೆ ನೋಡಬಹುದಿತ್ತು ಅಂದರು ಡಾಕ್ಟರು. ಆ ಸ್ವಲ್ಪ ಎಷ್ಟು ಅಂತ ನನಗೆ ಗೊತ್ತು. ಮರ ಹತ್ತಿದವರಿಗಾಗಿ ಕಾಯುವುದನ್ನು ಅವರಿಂದ ಕಲಿತೆ. ನೆಲದ ಮೇಲಿದ್ದ ಅವರಿಗಾಗಿಯೂ ಕಾಯಬೇಕಿತ್ತು ಎಂದು ಅವರೂ ಹೇಳಲಿಲ್ಲ, ನನಗೂ ಹೊಳೆಯಲಿಲ್ಲ.

ಮೊನ್ನೆ ಮೂಡಿಗೆರೆಯಿಂದ ಬಂದಿದ್ದ ನನ್ನ ತಮ್ಮ ಟಿವಿ ನೋಡುತ್ತಾ, ಸೇನೆಯವರು ಇಷ್ಟೊಂದು ಹೆಲಿಕಾಪ್ಟರುಗಳನ್ನು ಸುಮ್ಮನೆ ನಿಲ್ಲಿಸಿಕೊಂಡಿರುತ್ತಾರಲ್ಲ, ದಂಡ ಅಂದ. "ಅದು ಸುಮ್ನೆ ನಿಂತಿರೋದಲ್ಲ ಮಾರಾಯ, ಅದೇ ಅದರ ಕೆಲಸ" ಅಂದೆ. ಇದರಲ್ಲಿ ನನ್ನ ಹತ್ತಿರ ಯಾರ ವಾದವೂ ನಡೆಯುವುದಿಲ್ಲ. ಆ ಹೆಲಿಕಾಪ್ಟರು ಒಂದೇ ಒಂದು ಸಲವೂ ಏಳದಿದ್ದರೂ, ಅದನ್ನು ತಿರುಗಿ ನೋಡಿ ಮೇಲೆ ಹೋದವರಿಗೆಲ್ಲ ಅದು ಕೆಲಸ ಮಾಡಿದೆ.

ಗ್ಲೌಸನ್ನು ಒರೆಸಿ ಜೀಪಿನ ಮುಂದಿನ ಗೂಡಿನಲ್ಲಿಟ್ಟೆ. ಒರೆಸುವಾಗ ಅಳು ಬಂತು, ಬರಲಿ ಎಂದು ಬಿಟ್ಟೆ. ಈಗ ಮಳೆಗಾಲದಲ್ಲೂ ಜೀಪು ರಸ್ತೆಗೆ ಮುಖ ಮಾಡಿಯೇ ನಿಲ್ಲುತ್ತದೆ. ದಿನಾ ಬೆಳಿಗ್ಗೆ ಹಾಜರಿಗೆ ಮೊದಲು ನಾನೇ ಹತ್ತಿ ಕೀಲಿ ತಿರುಗಿಸುತ್ತೇನೆ. ಇವತ್ತೂ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಈಗ ಆಗುತ್ತದೆ.