ಯೂನಿಫಾರಂ ಶೆಡ್ಡಿನ ಹೊಸ ಬಾಗಿಲು

ಹಾಸನದಲ್ಲಿ ನಮ್ಮದೊಂದು ಬಟ್ಟೆ ಅಂಗಡಿ ಇದೆ. ಸೀರೆ, ಟವೆಲು, ಲಂಗದ ಬಟ್ಟೆ ಎಲ್ಲವನ್ನೂ ಮಾರಿದರೂ ಅದು ನಡೆಯುವುದು ಶಾಲೆಗಳ ಯೂನಿಫಾರಂನಿಂದ. ಅಂಗಡಿ ಯಜಮಾನರದು, ಮನೆ ನನ್ನದು. ಮಧ್ಯಾಹ್ನ ಕ್ಯಾರಿಯರ್ ಕಳಿಸುವುದು, ಹಬ್ಬಕ್ಕೆ ಕೆಲಸದವರಿಗೆಂದು ಕರ್ಜಿಕಾಯಿ ಮಾಡುವುದು, ಇಷ್ಟೇ ನನಗೂ ಅಂಗಡಿಗೂ ಇದ್ದ ನಂಟು. ಎರಡು ವರ್ಷದ ಹಿಂದೆ ಒಂದು ಕಾನ್ವೆಂಟ್ ಶಾಲೆಯಿಂದ ಕಾಗದ ಬರುವವರೆಗೆ ಹಾಗೇ ಇತ್ತು.

ಮಕ್ಕಳ ಬಟ್ಟೆಯನ್ನು ಎಲ್ಲಿ ಹೊಲಿಸುತ್ತೀರಿ, ಹೊಲಿಯುವವರಲ್ಲಿ ಚಿಕ್ಕ ಮಕ್ಕಳಿದ್ದಾರೆಯೇ, ಅವರಿಗೆ ಗಾಳಿ, ಬೆಳಕು, ನೀರು ಸರಿಯಾಗಿದೆಯೇ, ಅಂಗಡಿಯವರೇ ಖುದ್ದಾಗಿ ನೋಡಿ ಬರೆದು ತಿಳಿಸಬೇಕು ಎಂದು ಇಂಗ್ಲಿಷಿನಲ್ಲಿತ್ತು. ಯಜಮಾನರು ಅದನ್ನು ಎರಡು ಸಲ ಓದಿ, ಮಡಿಸಿಕೊಂಡು, ಒಗ್ಗರಣೆ ಹಾಕುತ್ತಿದ್ದ ನನ್ನ ಪಕ್ಕ ಬಂದು ನಿಂತರು.

"ಬಟ್ಟೆ ಬಣ್ಣ ಬಿಡುತ್ತಾ ಅಂತ ಕೇಳೋರನ್ನ ನೋಡಿದ್ದೆ ಕಣೆ. ಹೊಲಿಯೋರು ಹೆಂಗಿದಾರೆ ಅಂತ ಕೇಳೋರನ್ನ ಇವತ್ತೇ ನೋಡಿದ್ದು. ನೀನು ಕಾನ್ವೆಂಟ್‌ನೋಳು, ಆ ಸಿಸ್ಟರ್‌ಗಳಿಗೆ ಹೆಂಗೆ ಬರೀಬೇಕು ಅಂತ ನಿನಗೇ ಗೊತ್ತು. ಉತ್ತರ ನೀನೇ ಬರಿ."

"ನೋಡದೆ ಹೆಂಗ್ರೀ ಬರೀಲಿ?"

"ಹೋಗಿ ನೋಡು. ಬೇಡ ಅಂದೋರ್ಯಾರು?"

ಸ್ಕೇಲು ಹಿಡಿದು ಗೆರೆ ಎಳೆದು, ಹನ್ನೆರಡು ಪ್ರಶ್ನೆಗಳನ್ನು ದುಂಡಗೆ ಬರೆದೆ. ಪ್ರತಿಯೊಂದರ ಮುಂದೆ ಹೌದು, ಇಲ್ಲ ಎಂದು ಎರಡು ಮನೆ. ನನ್ನ ಅಕ್ಷರ ನೋಡಿ ನನಗೇ ಖುಷಿಯಾಯಿತು. ಏಪ್ರಿಲ್ ಬಿಸಿಲು ಎಂದು ಶುಂಠಿ, ಇಂಗು ಹಾಕಿದ ಮಜ್ಜಿಗೆಯನ್ನು ದೊಡ್ಡ ಕ್ಯಾನಿಗೆ ತುಂಬಿಕೊಂಡು ಹೊಳೆನರಸೀಪುರಕ್ಕೆ ಹೊರಟೆ.

ನಮ್ಮ ಬಟ್ಟೆ ಹೊಲಿಯುವ ಶೆಡ್ಡು ಊರಂಚಿನ ಒಂದು ಹಳೆಯ ಗೋಡೌನಿನಲ್ಲಿತ್ತು. ಹದಿನಾಲ್ಕು ಮಿಷನ್ನು, ಹದಿನಾಲ್ಕು ಜನ ಹೆಂಗಸರು. ಯಾರ ಕೂದಲಲ್ಲಿ ನೋಡಿದರೂ ನೀಲಿ ದಾರದ ಚೂರು. ಮಕ್ಕಳ್ಯಾರೂ ಇರಲಿಲ್ಲ, ಗಾಳಿ ಬೆಳಕಿಗೂ ಕೊರತೆ ಇರಲಿಲ್ಲ. ಶೆಡ್ಡು ನಡೆಸುವವರು ದಪ್ಪ ಮೀಸೆಯ, ಮೆತ್ತಗೆ ಮಾತಾಡುವ ಮನುಷ್ಯ. ನನಗೊಂದು ಕುರ್ಚಿ ಹಾಕಿಸಿ, ಫ್ಯಾನನ್ನು ನನ್ನ ಕಡೆ ತಿರುಗಿಸಿ, ಪಕ್ಕದಲ್ಲೇ ಕೈಕಟ್ಟಿ ನಿಂತರು.

"ಕೇಳಿ ಅಕ್ಕಾ, ಧಾರಾಳವಾಗಿ ಕೇಳಿ. ನಮ್ಮೋರು ಸುಳ್ಳು ಯೋಳಕಿಲ್ಲ."

ಕೇಳಿದೆ. ಮೊದಲ ಪ್ರಶ್ನೆಗೆ ಎಲ್ಲರೂ ಹೌದು ಎಂದರು. ಎರಡನೆಯದಕ್ಕೂ ಹೌದು. "ಇಲ್ಲಿ ಏನಾದರೂ ತೊಂದರೆ ಇದೆಯೇ?" ಎಂದು ಓದಿದಾಗಲೂ ಒಬ್ಬಳು ಅದೇ ರಾಗದಲ್ಲಿ "ಊಂ" ಎಂದು, ಆಮೇಲೆ ನಾಲಿಗೆ ಕಚ್ಚಿಕೊಂಡಳು. ಶೆಡ್ಡೆಲ್ಲ ನಕ್ಕಿತು, ನಾನೂ ನಕ್ಕೆ. ಕೆಲಸ ಕೊಡುವವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಇಂಥದ್ದನ್ನು ಕೇಳಬಾರದು ಎನ್ನುವಷ್ಟು ಬುದ್ಧಿ ನನಗೆ ಇನ್ನೂ ಬಂದಿರಲಿಲ್ಲ.

ಮಜ್ಜಿಗೆ ಹಂಚಿದೆ. ಎಲ್ಲರೂ ಎರಡು ಕೈಯಲ್ಲಿ ಲೋಟ ಹಿಡಿದು, ತುಟಿ ತೇವ ಮಾಡಿಕೊಂಡು, ಕೆಳಗಿಟ್ಟರು.

"ಉಪ್ಪು ಜಾಸ್ತಿ ಆಯ್ತಾ?"

"ಇಲ್ಲ ಅಕ್ಕೋರೆ, ಅಮೃತ ಕಣ್ರೀ!"

ಅಮೃತವಾದರೂ ಯಾರೂ ಕುಡಿಯಲಿಲ್ಲ. ಆಗ ನೋಡಿದೆ: ಪ್ರತಿ ಮಿಷನ್ನಿನ ಕಾಲಿನ ಹತ್ತಿರವೂ ಮನೆಯಿಂದ ತಂದ ನೀರಿನ ಬಾಟಲು. ಸಂಜೆ ನಾಲ್ಕಾಗಿತ್ತು. ಎಲ್ಲವೂ ಕುತ್ತಿಗೆಯವರೆಗೆ ತುಂಬಿದ್ದವು.

ಅವರಲ್ಲಿ ಹಿರಿಯವಳು ಅರಕಲಗೂಡಿನ ಕಡೆಯವಳು, ಈ ಊರಿಗೆ ಸೊಸೆಯಾಗಿ ಬಂದವಳು. ಕನ್ನಡಕದ ಮುರಿದ ಕಡ್ಡಿಗೆ ಯೂನಿಫಾರಂ ಪಟ್ಟಿಯನ್ನೇ ಸುತ್ತಿಕೊಂಡಿದ್ದಳು. ಕ್ಯಾನು ತೊಳೆಯಲು ನನ್ನ ಜೊತೆ ಹೊರಗಿನ ನಲ್ಲಿಗೆ ಬಂದಾಗ, ಯಾರೂ ಯಾಕೆ ಕುಡಿಯುವುದಿಲ್ಲ ಎಂದು ಕೇಳಿಯೇಬಿಟ್ಟೆ.

"ಕುಡುದ್ರೆ ಓಗ್ಬೇಕಲ್ಲ ಅಕ್ಕೋರೆ, ಎಲ್ಲಿಗೆ ಓಗಾದು?" ಎಂದಳು. ಶೆಡ್ಡಿಗೆ ಕಕ್ಕಸು ಇರಲಿಲ್ಲ. ಹಿಂದಿದ್ದ ಪೊದೆಗಳೆಲ್ಲ ಹೋಗಿ, ಮೂರು ಕಡೆಯೂ ಮನೆಗಳೆದ್ದಿದ್ದವು. "ಬೆಳಿಗ್ಗೆ ಮನೇಲಿ ಓಗ್ಬಂದ್ರೆ ಇನ್ನು ಸಂಜೀಕೇಯ. ಉರಿ ಬತ್ತದೆ. ಅದ್ಕೇ ಎಳನೀರು ಗಿಳನೀರು ಎಲ್ಲಾ ಭಾನುವಾರವೇ."

ನಾನು ಓದಿದ ಶಾಲೆಯಲ್ಲಿ ಒಂದು ಕಿರುಬೆರಳೆತ್ತಿದರೆ ಸಾಕಿತ್ತು. ಗಣಿತದ ಸಿಸ್ಟರ್ ಕೂಡ ಬೋರ್ಡಿನಿಂದ ಕಣ್ಣು ತೆಗೆಯದೆ ತಲೆ ಆಡಿಸುತ್ತಿದ್ದರು. ಇಲ್ಲಿ ಬೆರಳೆತ್ತಿದರೂ ಹೋಗಲು ಜಾಗವಿಲ್ಲ.

ಅವಳು ಒದ್ದೆ ಕೈಯಲ್ಲೇ ನನ್ನ ಮಣಿಕಟ್ಟು ಹಿಡಿದಳು. "ನಾ ಯೋಳ್ದೆ ಅನ್ಬೇಡಿ ಕಣ್ರವ್ವ. ನೀವು ಬಟ್ಟೆ ಕೊಡಾದ್ ನಿಲ್ಲುಸ್ಬುಟ್ರೆ, ಅಷ್ಟೂ ಮನೆಗೂ ನಾನೇ ಮಾರಿ ಆಯ್ತೀನಿ."

ಅವಳು ಹೆದರಿದ್ದಂತೆಯೇ ಆಯಿತು. ರಾತ್ರಿ ಊಟಕ್ಕೆ ಕೂತಾಗ, ಹೇಳಿದ್ದು ಯಾರೆಂದು ಬಿಟ್ಟು ಕಂಡದ್ದನ್ನು ಹೇಳಿದೆ. ಯಜಮಾನರು ತಟ್ಟೆ ಹಿಂದೆ ತಳ್ಳಿದರು. ಅವರ ಕೋಪ ಒಗ್ಗರಣೆಯ ಸಾಸಿವೆಯ ಹಾಗೆ, ಸಿಡಿದು ಮುಗಿಯುತ್ತದೆ.

"ಇಂಥಾ ಬಟ್ಟೆ ನಮಗೆ ಬೇಡ. ನಾಳೆಯಿಂದ ಆ ಶೆಡ್ಡಿಗೆ ಒಂದು ತುಂಡೂ ಕಳಿಸಲ್ಲ!"

"ನೀವು ಕೈ ತೊಳ್ಕೊಂಡ್ರೆ ನಿಮ್ಮ ಕೈ ಚೊಕ್ಕಟ ಆಗುತ್ತೆ. ಅವರಿಗೇನಾಯ್ತು? ನೀರೂ ಇಲ್ಲ, ಕೆಲಸವೂ ಇಲ್ಲ."

"ಮತ್ತೇನು ಮಾಡೋಣ ಅಂತೀಯ?"

"ಕಕ್ಕಸು ಕಟ್ಟಿಸೋಣ."

ಮದುವೆಯಾದ ಮೇಲೆ ಊಟದ ಹೊತ್ತಿನಲ್ಲಿ ಆ ಮಾತನ್ನು ನಾನಾಡಿದ್ದು ಅದೇ ಮೊದಲು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಗುತ್ತಲೇ ಅವರು ತಟ್ಟೆ ಹತ್ತಿರ ಎಳೆದುಕೊಂಡರು.

ಮಾರನೆಯ ದಿನ ಅಂಗಡಿಗೆ ಬಂದ ಮೀಸೆಯ ಶೆಡ್ಡಿನವರು ವಿಷಯ ಕೇಳಿ ತಲೆ ಮೇಲೆ ಕೈ ಹೊತ್ತರು. "ನಂಗ್ ಯಾರೂ ಯೋಳ್ಲೇ ಇಲ್ವಲ್ಲ ಸಾ!"

"ನೀವು ಮೀಸೆ ತಿರುವ್ಕೊಂಡು ಎದುರಿಗೇ ನಿಂತಿದ್ರೆ ಯಾವ ಹೆಂಗಸು ಹೇಳ್ತಾಳೆ ಅಣ್ಣ?" ಎಂದೆ. ಮೀಸೆ ಮುಟ್ಟಿ ನೋಡಿಕೊಂಡರು, ಪಾಪ. ಖರ್ಚು ಅರ್ಧ ನಮ್ಮದು, ಅರ್ಧ ತಮ್ಮದು ಎಂದು ಅವರೇ ಹೇಳಿದರು.

ಆದರೆ ಗುಂಡಿ ತೋಡಬೇಕೆಂದರೆ ಗೋಡೌನಿನ ಒಡತಿ ಒಪ್ಪಬೇಕು. ಆಕೆ ಚನ್ನರಾಯಪಟ್ಟಣದಲ್ಲಿದ್ದ ಅಜ್ಜಿ. ನಾವು ಮೂವರೂ ಹೋದಾಗ ಜಗಲಿಯಲ್ಲಿ ಕಾಲು ಚಾಚಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು.

"ನಮ್ ಕಾಲ್ದಲ್ಲಿ ಕಕ್ಕಸು ಎಲ್ಲಿತ್ತವ್ವ? ನಾವ್ ಬದುಕ್ಲಿಲ್ವಾ?"

ಗಂಡಸರಿಬ್ಬರ ಮುಖವೂ ಇಳಿಯಿತು. ನಾನು ಅಜ್ಜಿಯ ಪಕ್ಕ ಕೂತು ಒಂದು ಹಿಡಿ ಹುಣಸೆಹಣ್ಣು ಎತ್ತಿಕೊಂಡು ಬಿಡಿಸುತ್ತಾ ಕೇಳಿದೆ, "ಈಗ ನಿಮ್ಮನೇಲಿ ಎಷ್ಟಿದೆ ಅಜ್ಜಿ?"

"ಎರಡವೆ. ಸೊಸೆಗೊಂದು, ನಂಗೊಂದು. ಅವಳ್ದ್ರೊಳಗೆ ನಾನು ಕಾಲಿಕ್ಕಕಿಲ್ಲ." ಹೇಳಿ ಮುಗಿಸಿದವರೇ ನನ್ನ ಮುಖ ನೋಡಿ, ಹುಣಸೆಹಣ್ಣಿನ ಕೈಯನ್ನೇ ಬಾಯಿಗೆ ಅಡ್ಡ ಹಿಡಿದು ನಕ್ಕರು. "ಅಂಗಾರೆ ಅಲ್ಲೂ ಎರಡು ಕಟ್ಸಿ ಕಣವ್ವ. ಅಷ್ಟು ಜನ ಎಂಗುಸ್ರು ಒಂದೇ ಆದ್ರೆ ಜುಟ್ಟು ಜುಟ್ಟು ಇಡ್ಕೊಂಡಾರು!"

ನನ್ನ ದುಂಡಕ್ಷರದ ಹಾಳೆಯನ್ನು ಹರಿದು ಹಾಕಿದೆ. ಶಾಲೆಗೆ ನೋಡಿದ್ದನ್ನು ನೋಡಿದಂತೆ ಬರೆದೆ: ಇದು ಇರಲಿಲ್ಲ, ಇದುವರೆಗೆ ನಾವು ಕೇಳಿಯೂ ಇರಲಿಲ್ಲ, ಈಗ ಕಟ್ಟಿಸುತ್ತಿದ್ದೇವೆ, ಬಂದು ನೋಡಿ. ಶಾಲೆ ತೆರೆಯುವುದರೊಳಗೆ ನೀವು ಮುಗಿಸಿ, ನಾವು ಯೂನಿಫಾರಂ ನಿಮ್ಮಿಂದಲೇ ತೆಗೆದುಕೊಳ್ಳುತ್ತೇವೆ ಎಂದು ಉತ್ತರ ಬಂತು.

ಮುಗಿದ ದಿನ ಹೆಂಗಸರು ಹೊಸ ಬಾಗಿಲಿಗೆ ಅರಿಸಿನ ಕುಂಕುಮ ಹಚ್ಚಿ ಮಾವಿನ ಸೊಪ್ಪು ಕಟ್ಟಿದ್ದರು. ಎಲ್ಲರೂ ಸೇರಿ ಹಿರಿಯವಳನ್ನೇ ಮೊದಲು ಒಳಗೆ ತಳ್ಳಿದರು. ಒಳಗಿನಿಂದ ಖಟಕ್, ಖಟಕ್ ಎಂದು ಸದ್ದು. "ಒಳಗ್ಲಿಂದ ಚಿಲಕ ಐತೆ ಕಣ್ರೇ!" ಎಂದು ಕೂಗಿದಳು.

"ಚಿಲಕ ಹಾಕ್ಕಂಡು ಅಲ್ಲೇ ಸಂಸಾರ ಹೂಡ್ಬುಟ್ಟೆ ಏನಕ್ಕಾ? ಬೇಗ ಬಾ, ನಾವೂ ಇದೀವಿ!"

ಮೇ ಕೊನೆಯ ವಾರ ಯಜಮಾನರ ಜೊತೆ ಮತ್ತೆ ಹೋದೆ. ಶಾಲೆಯವರು ಹುಡುಗಿಯರಿಗೆ ಇನ್ನಷ್ಟು ಪಿನಾಫೋರ್ ಕೇಳಿದ್ದರು. "ಗುರುವಾರಕ್ಕೆ ಬೇಕಲ್ಲ," ಎಂದರು ಇವರು, ಯಾವಾಗಲೂ ಹೇಳುವ ಹಾಗೆ. ಶೆಡ್ಡಿನವರು "ಆಯ್ತು ಸಾ" ಎನ್ನಲು ಬಾಯಿ ತೆರೆದಿದ್ದರು.

"ಆಗಕಿಲ್ಲ ಸಾ." ಹಿರಿಯವಳು ಮಿಷನ್ನಿನ ಹಿಂದಿನಿಂದ ಹೇಳಿದಳು. "ಸೋಮವಾರ ಕೊಡ್ತೀವಿ."

ಹದಿನಾಲ್ಕು ಮಿಷನ್ನೂ ನಿಂತವು. ಆ ಶೆಡ್ಡಿನಿಂದ ಯಜಮಾನರು ಆಗಲ್ಲ ಎನ್ನುವ ಮಾತು ಕೇಳಿದ್ದು ಅದೇ ಮೊದಲು. ಆಡಿದವಳಿಗೇ ಗಾಬರಿಯಾಗಿರಬೇಕು, ಬಿಚ್ಚಿಹೋಗದ ಕನ್ನಡಕದ ಪಟ್ಟಿಯನ್ನು ಸುತ್ತುತ್ತಾ ಕೂತಳು. ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಯಜಮಾನರು ಜೇಬಿನಿಂದ ಪೆನ್ನು ತೆಗೆದರು. "ಸೋಮವಾರ ಬೆಳಗ್ಗೆನಾ, ಸಾಯಂಕಾಲನಾ?"

"ಸಾಯಂಕಾಲ ಸಾ. ಬೆಳಿಗ್ಗೆ ಗುಂಡಿಗೆ ಕಾಜಾ ಆಕ್ಬೇಕು."

"ಸೋಮವಾರ, ಸಾಯಂಕಾಲ," ಎಂದು ಗಟ್ಟಿಯಾಗಿ ಹೇಳಿಕೊಳ್ಳುತ್ತಾ ಅವರು ಬರೆದುಕೊಂಡರು. ಮಿಷನ್ನುಗಳೆಲ್ಲ ಒಟ್ಟಿಗೇ ಮತ್ತೆ ಶುರುವಾದವು.