ಕರಗಿತಾ ಮೇಡಂ

ನಮ್ಮ ಪ್ರಯೋಗಾಲಯದ ಹಿರಿಯ ವಿಜ್ಞಾನಿಯನ್ನು ನಾವೆಲ್ಲ ಬೆನ್ನ ಹಿಂದೆ ಕರೆಯುವುದು ಕರಗಿತಾ ಮೇಡಂ ಎಂದೇ. ಬೆಳಿಗ್ಗೆ ಬಂದವರು ಕೈಚೀಲ ಕೆಳಗಿಡುವ ಮೊದಲೇ ‘ಕರಗಿತಾ?’ ಎಂದು ಕೇಳುತ್ತಾರೆ. ಚಹಾ ತಂದುಕೊಟ್ಟವರಿಗೂ ಅದೇ ಪ್ರಶ್ನೆ. ಅವರ ತಲೆಯಲ್ಲಿರುವುದು ಆರ್‌ಎನ್‌ಎಗೆ ಅಂಟಿಕೊಳ್ಳುವ ಒಂದು ಪ್ರೋಟೀನು. ಜೀವಕೋಶದಲ್ಲಿ ಬೇರೆ ಪ್ರೋಟೀನುಗಳ ಜೊತೆ ಇರುವ ತನಕ ಅದು ಕರಗಿಕೊಂಡು ತನ್ನ ಕೆಲಸ ತಾನು ಮಾಡುತ್ತದೆ. ಜೊತೆ ತಪ್ಪಿದರೆ ಒಂದಕ್ಕೊಂದು ಅಂಟಿ ಗಂಟುಗಟ್ಟುತ್ತದೆ, ನರಕೋಶ ಸಾಯುತ್ತದೆ. ಆ ಪ್ರೋಟೀನಿನ ದ್ರಾವಣವಿರುವ ಕೊಳವೆಯನ್ನು ಬೆಳಕಿಗೆ ಹಿಡಿದಾಗ ಒಂದಿಷ್ಟು ಮಸುಕು ಕಂಡರೂ ಸಾಕು, ‘ಚೆನ್ನಾಗಿದೆ ಅಂತ ಹೇಳಬೇಡಿ, ಕಂಡಿದ್ದು ಹೇಳಿ’ ಎನ್ನುತ್ತಾರೆ. ಸಮಾಧಾನಕ್ಕೊಂದು ಮಾತು ಅವರ ಬಾಯಲ್ಲಿ ಕೇಳಿದವರಿಲ್ಲ. ಒಂದು ಮಧ್ಯಾಹ್ನ ಅವರು ತಮ್ಮನನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬಂದರು. ನರಕೋಶ ಸಾಯುವ ಅದೇ ಕಾಯಿಲೆಯಿಂದ ಆತನ ಕೈಕಾಲು ಸೋತಿದ್ದವು, ಮಾತು ತೊದಲುತ್ತಿತ್ತು. ನಾವು ಇಷ್ಟು ಕಾಲ ಪ್ರಯೋಗದ ತಟ್ಟೆಗಳಲ್ಲಿ ನೋಡುತ್ತಿದ್ದುದು ಆತನ ಚರ್ಮದಿಂದ ಬೆಳೆಸಿದ ನರಕೋಶಗಳನ್ನೇ ಎಂದು ನಮಗೆ ತಿಳಿದದ್ದು ಅಂದೇ. ಮೇಡಂ ಸೂಕ್ಷ್ಮದರ್ಶಕದಲ್ಲಿ ಎರಡು ತಟ್ಟೆ ತೋರಿಸಿದರು. ಜೊತೆಗಾರ ಪ್ರೋಟೀನನ್ನು ಹೆಚ್ಚಿಸಿದ್ದ ತಟ್ಟೆಯಲ್ಲಿ ಗಂಟುಗಳು ಕಡಿಮೆಯಾಗಿದ್ದವು. ‘ನನಗೂ ಹೀಗೆ ಕಡಿಮೆಯಾಗುತ್ತಾ ಅಕ್ಕ?’ ಎಂದು ತಮ್ಮ ಕೇಳಿದ. ‘ಇಲ್ಲ ಕಣೋ. ನಿನ್ನ ಕಾಲಕ್ಕೆ ಇದು ಔಷಧಿ ಆಗಲ್ಲ’ ಎಂದರು ಮೇಡಂ, ಅವನ ಕೈ ಹಿಡಿದುಕೊಂಡೇ. ಆತ, ‘ಹಾಗಾದ್ರೆ ನಾನಿರೋವಾಗ್ಲೇ ಇನ್ನೊಂದಿಷ್ಟು ಚರ್ಮ ತೆಗೆಸಿಟ್ಕೋ’ ಎಂದ. ಮೇಡಂ ಹೂಂ ಎಂದರು. ಅಷ್ಟು ಹೇಳಲು ಅವರಿಗೆ ಬಹಳ ಹೊತ್ತು ಹಿಡಿಯಿತು.